ಐದು ಗುಂಡಿ

ಕಾರಿನ ಹುಚ್ಚು ಹತ್ತಿದವರ ಮಾತೆಲ್ಲ ಒಂದೇ ಪದದಿಂದ ಶುರುವಾಗುತ್ತದೆ: ‘ನಾನಾಗಿದ್ರೆ’. ನಾನಾಗಿದ್ರೆ ಗೇರನ್ನ ಕೈಗೇ ಬಿಡ್ತಿದ್ದೆ. ನಾನಾಗಿದ್ರೆ ಆ ಬಣ್ಣ ಮುಟ್ತಾನೇ ಇರ್ಲಿಲ್ಲ. ನಾನಾಗಿದ್ರೆ ಮುಂದಿನ ಜಾಲರಿ ಹಾಗಿಡ್ತಿದ್ನಾ? ಅದೇನು ಕಾರೋ, ಇಲಿಬೋನೋ?

ಈ ಮಾತುಗಳನ್ನು ಕೇಳಿಸಿಕೊಳ್ಳುವುದಕ್ಕೆಂದೇ ಕಾರು ಕಂಪನಿಯೊಂದು ಒಬ್ಬನಿಗೆ ಸಂಬಳ ಕೊಡುತ್ತಿತ್ತು. ಕಾರುಪ್ರಿಯರ ಸಂಘದವರು ಅವನಿಗೆ ಬಂಪರ್ ಎಂದು ಹೆಸರಿಟ್ಟಿದ್ದರು. ಗ್ರಾಹಕರು ಹೊರಗಿನಿಂದ ಗುದ್ದಿದರೂ ಕಂಪನಿಯವರು ಒಳಗಿನಿಂದ ಒದ್ದರೂ ಮೊದಲ ಪೆಟ್ಟು ಅವನಿಗೇ. ಬಂಪರ್ ಎಂದರೆ ಬಹುಮಾನವೂ ಹೌದಲ್ಲ ಎಂದು ಮೊದಮೊದಲು ಸಮಾಧಾನ ಮಾಡಿಕೊಂಡಿದ್ದ. ಈಗ ಸಮಾಧಾನ ಮಾಡಿಕೊಳ್ಳುವುದಕ್ಕೂ ಸುಸ್ತು.

ಆ ವರ್ಷ ಕಂಪನಿಯ ಯಜಮಾನರಿಗೆ ಒಂದು ಉತ್ಸಾಹ ಬಂತು. ಸಂಘದವರು ಒಂದು ದಿನ ಬಂದು ತಮ್ಮ ಕುರ್ಚಿಯಲ್ಲಿ ಕೂರಲಿ, ಹೊಸ ಕಾರಿನಲ್ಲಿ ಒಂದೇ ಒಂದು ಬದಲಾವಣೆ ಹೇಳಲಿ, ಕಂಪನಿ ಮರುಮಾತಿಲ್ಲದೆ ಮಾಡಿಕೊಡುತ್ತದೆ ಎಂದು ಸಾರಿಬಿಟ್ಟರು. ಸಾರಿದ್ದು ಅವರು, ಸಾರಿಸಬೇಕಾದವನು ಬಂಪರ್.

ಆ ವಾರ ಅವನು ಅಕ್ಕನ ಮನೆಗೆ ಹೋದಾಗ ಅವಳು ಕಾರಿನ ಗಾಜು ಒರೆಸುತ್ತಿದ್ದಳು. ಕಾಯಿಲೆಯವರನ್ನು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಬಿಡುವುದು ಅವಳ ಕೆಲಸ. ಮದುವೆಗೆ ಮುಂಚಿನಿಂದಲೂ ಸ್ಟಿಯರಿಂಗ್ ಹಿಡಿದವಳು. ಆಸ್ಪತ್ರೆಯವರು ಹಳೆಯ ಗಾಡಿಗಳನ್ನೆಲ್ಲ ತೆಗೆದು ತಮ್ಮನ ಕಂಪನಿಯ ಹೊಸ ಕಾರುಗಳನ್ನೇ ತರಿಸುವವರಿದ್ದರು. ಮಾದರಿಗೆ ಬಂದ ಒಂದನ್ನು ಅವಳು ಓಡಿಸಿ ನೋಡಿಯೂ ಆಗಿತ್ತು.

“ಹೇಗಿತ್ತಕ್ಕಾ ನಮ್ಮ ಗಾಡಿ?”

“ಗಾಡಿ ಬೆಣ್ಣೆ ಕಣೋ. ನಾನೇ ಹಳಸಿದ್ದೀನಿ.”

“ಅಂದ್ರೆ?”

“ವೈಪರ್ ಹಾಕೋಕೂ ಮುಂದಿರೋ ಆ ಟೀವಿ ಪರದೆ ಮುಟ್ಬೇಕು, ಗಾಜಿನ ಮಂಜು ತೆಗೆಯೋಕೂ ಟೀವಿ ಮುಟ್ಬೇಕು. ದೂರದ್ದು ನಂಗೆ ಹದ್ದಿನ ಥರ ಕಾಣುತ್ತೆ. ಮೊಳ ದೂರದ್ದು ಕಲಸಿದ ಮೊಸರು. ಓದೋ ಕನ್ನಡಕ ಹಾಕಿದ್ರೆ ಟೀವಿ ಕಾಣುತ್ತೆ, ರಸ್ತೆ ಮಾಯ.”

“ಎರಡೂ ಸೇರಿರೋ ಕನ್ನಡಕ ಬರುತ್ತಲ್ಲ?”

“ಅದರಲ್ಲಿ ಓದೋ ಗಾಜು ಕೆಳಗಿರುತ್ತೆ. ನಿಮ್ಮ ಟೀವಿ ಮೇಲಿದೆ. ಕೋಳಿ ನೀರು ಕುಡಿಯೋ ಹಾಗೆ ಕತ್ತು ಎತ್ಕೊಂಡು ಓಡಿಸ್ಲಾ? ಹಿಂದೆ ಕೂತಿರೋರು ಮೊದಲೇ ಅರ್ಧ ಜೀವದವರು.”

ಹೊಸ ಗಾಡಿ ಬಂದ ಮೇಲೆ ಆಸ್ಪತ್ರೆಯವರು ಎಲ್ಲ ಡ್ರೈವರುಗಳನ್ನೂ ಪರೀಕ್ಷೆ ಮಾಡುವವರಿದ್ದರು. ಪಕ್ಕದಲ್ಲಿ ಕೂತವನು ವೈಪರ್ ಅಂದರೆ ವೈಪರ್, ಮಂಜು ಅಂದರೆ ಮಂಜು. ಕಣ್ಣು ರಸ್ತೆ ಬಿಟ್ಟು ಕದಲುವಂತಿಲ್ಲ. ಆಗದವರಿಗೆ ಉಗ್ರಾಣದ ಕೆಲಸ, ಹಾಸಿಗೆ ಬಟ್ಟೆ ಮಡಿಸುವುದು.

“ಇಷ್ಟು ವರ್ಷ ಮನೇಲಿ ಮಡಿಸಿದ್ದು ಸಾಲ್ದಾ?” ಎಂದಳು ಅಕ್ಕ. “ಮುಂಚೆ ಒಂದು ಬಟನ್ ಇರ್ತಿತ್ತು. ಕೈಗೆ ಗೊತ್ತಿತ್ತು. ಅದನ್ನ ಕಿತ್ತು ಹಾಕಿದ ಪುಣ್ಯಾತ್ಮ ಯಾರೋ.”

ಆ ಪುಣ್ಯಾತ್ಮ ತನ್ನ ಕಂಪನಿಯ ಎರಡನೇ ಮಹಡಿಯಲ್ಲೇ ಕೂರುತ್ತಾನೆ ಎಂದು ಹೇಳಲು ಬಂಪರ್‌ಗೆ ಬಾಯಿ ಬರಲಿಲ್ಲ. “ಸಂಘದವರ ಜೊತೆ ನೀನೂ ಬಾ. ನಿನ್ನ ಬಾಯಿಂದಲೇ ಹೇಳು” ಎಂದ.

ಯಜಮಾನರು ಆ ದಿನಕ್ಕೆಂದು ಬಿಟ್ಟುಕೊಟ್ಟ ಕೋಣೆಯಲ್ಲಿ ಎಸಿ ಅತಿಯಾಗಿತ್ತು. ಸಂಘದಿಂದ ಬಂದವರು ಇಬ್ಬರೇ. ಒಬ್ಬರು ಅಧ್ಯಕ್ಷರು, ನಿವೃತ್ತ ಭಾಷಾ ಮೇಷ್ಟ್ರು. ಇನ್ನೊಬ್ಬರು ಹಲ್ಲಿನ ಡಾಕ್ಟರು. ಡಾಕ್ಟರು ಮೊದಲು ಕುರ್ಚಿ ಹತ್ತಿ, ಚಕ್ರದ ಮೇಲೆ ಒಂದು ಸುತ್ತು ಹೊಡೆದು, ತುಟಿ ಬಿಗಿದು ಹಳೆಯ ಡೀಸೆಲ್ ಗಾಡಿ ಸ್ಟಾರ್ಟ್ ಮಾಡಿದರು: “ಕ್ರ್ರ್... ಕ್ರ್ರ್... ಡುಗ್ ಡುಗ್ ಡುಗ್... ಕೇಳಿದ್ರಾ? ಇದು ಗಾಡಿ! ಈಗಿನವು ಬರೀ ‘ಉಂ’ ಅಂತವೆ, ನನ್ನ ಕುರ್ಚೀಲಿ ಬಾಯಿ ತೆರೆದು ಕೂತ ರೋಗಿ ಥರ. ನಾನಾಗಿದ್ರೆ ಗೇರು ವಾಪಸ್ ತರ್ತಿದ್ದೆ. ಗೇರಿಗೂ ಹಲ್ಲಿರುತ್ತೆ. ಹಲ್ಲಿಲ್ಲದ ಗಾಡಿ ಯಾರಿಗೆ ಬೇಕು?”

“ಕಟ್ಟಿಸಿದ ಹಲ್ಲಾದ್ರೂ ಸಾಕು ಅಂತೀರಿ” ಎಂದರು ಮೇಷ್ಟ್ರು. “ನಾನಾಗಿದ್ರೆ ಸ್ಟೆಪ್ನಿ. ಈಗಿನವರು ಚಕ್ರದ ಬದಲು ಅಂಟಿನ ಡಬ್ಬಿ ಕೊಡ್ತಾರೆ. ನಡುರಸ್ತೇಲಿ ಪಂಚರ್ ಆದ್ರೆ ಅಂಟ್ಕೊಂಡು ಕೂರಿ ಅಂತ!”

ಹೀಗೇ ಸಾಗಿತು. ಗೇರು, ಸ್ಟೆಪ್ನಿ, ಕೈಯಲ್ಲಿ ತಿರುಗಿಸುವ ಕಿಟಕಿ, ಎಣ್ಣೆ ಅಳೆಯುವ ಕಡ್ಡಿ. ಬಂಪರ್ ‘ಹೂಂ’ ಎನ್ನುತ್ತಿದ್ದ. ಎಲ್ಲವನ್ನೂ ಮುಂಚೆಯೇ ಕೇಳಿದ್ದ, ಎಲ್ಲದಕ್ಕೂ ಮುಂಚೆಯೇ ‘ಹೂಂ’ ಎಂದಿದ್ದ. ಕೊನೆಗೆ ಅಕ್ಕ ಬಾಯಿ ತೆರೆದಳು. ರಸ್ತೆ, ಟೀವಿ, ಕನ್ನಡಕ, ಉಗ್ರಾಣ. ಅಳಲಿಲ್ಲ, ಬೇಡಲಿಲ್ಲ. ದಾರಿ ಕೇಳಿದವರಿಗೆ ಹೇಳುವ ಹಾಗೆ ಹೇಳಿದಳು.

ಡಾಕ್ಟರು ಕುರ್ಚಿಯಿಂದ ಇಳಿದರು. “ಗೇರು ಹಾಳಾಗ್ಲಿ ತಾಯಿ. ಬಟನ್ನೇ ಇರ್ಲಿ.”

“ಬಟನ್ ಅಲ್ಲ, ಗುಂಡಿ!” ಮೇಷ್ಟ್ರು ತಿದ್ದಿದರು. “ಅಂಗಿಗಿದ್ರೆ ಗುಂಡಿ, ಗಾಡಿಗಾದ್ರೆ ಬಟನ್ನೇ? ಈ ಕೋಣೇಲಿ ಇನ್ಮೇಲೆ ಆ ಇನ್ನೊಂದು ಪದ ಯಾರೂ ಎತ್ಕೂಡದು.”

ಅಷ್ಟರಲ್ಲಿ ವಿನ್ಯಾಸ ವಿಭಾಗದ ಹುಡುಗಿ ತಡವಾಗಿ ಬಂದಳು. ಕಾರು ತಯಾರಾಗುವ ಮೊದಲು ಅದರ ಒಳಗನ್ನೂ ಹೊರಗನ್ನೂ ಜೇಡಿಮಣ್ಣಿನಲ್ಲಿ ಕಟ್ಟುವುದು ಅವಳ ಕೆಲಸ. ಉಗುರುಗಳಲ್ಲಿ ಇನ್ನೂ ಮಣ್ಣಿತ್ತು.

“ಏನು ತೀರ್ಮಾನ ಆಯ್ತು ಸಾರ್?”

“ಗುಂಡಿ” ಎಂದರು ಮೇಷ್ಟ್ರು, ತೀರ್ಪು ಕೊಡುವವರಂತೆ. “ಚಾಲಕರ ಕೈಗೆಟುಕುವ ಕಡೆ, ಸಾಲಾಗಿ ಐದು ಗುಂಡಿ.”

“ಗುಂಡೀನಾ?” ಅವಳು ಒಂದು ಕ್ಷಣ ತಡೆದಳು. “ಎಷ್ಟು ದೊಡ್ಡದು?”

“ಬೆರಳ ತುದಿ ಕೂರಬೇಕು, ಅಷ್ಟು.”

“ಅಂಚು?”

“ದುಂಡಗಿರ್ಲಿ. ನೋಡದೇನೇ ಬೆರಳಿಗೆ ಸಿಗ್ಬೇಕು.”

“ಬೆಳಕು ಬೇಕಾ ಸಾರ್?”

“ಬೇಕಮ್ಮಾ. ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡೆ!”

ಬಂಪರ್ ‘ಹೂಂ’ ಎಂದ.

ಮಾದರಿ ಸಿದ್ಧವಾಗಿದೆ ಎಂದು ಕರೆ ಬರುವ ಹೊತ್ತಿಗೆ ಅಚ್ಚುಗಳನ್ನೆಲ್ಲ ಎರೆದಾಗಿತ್ತು, ಇನ್ನು ಬದಲಿಸುವಂತಿರಲಿಲ್ಲ. ಬೆಳಗಿನ ಹೊತ್ತು, ಕೆಲಸದ ಮನೆಯ ನಡುವೆ ಕಾರಿನ ಮುಂಭಾಗವೊಂದೇ ನಿಂತಿತ್ತು: ಎರಡು ಸೀಟು, ಒಂದು ಸ್ಟಿಯರಿಂಗ್, ಒಂದು ಗಾಜು. ಅಕ್ಕ ಹತ್ತಿ ಕೂತಳು. ಮೇಷ್ಟ್ರು ಮದುವೆ ಮನೆಯ ಯಜಮಾನರಂತೆ ಕೈ ಕಟ್ಟಿ ನಿಂತರು. ಪರದೆಯ ಕೆಳಗೆ ಐದು ಗುಂಡಿಗಳು ಸಾಲಾಗಿ, ದುಂಡಗೆ, ಹಿತವಾದ ಬೆಳಕಿನಲ್ಲಿ ಹೊಳೆಯುತ್ತಿದ್ದವು.

ಅಕ್ಕ ಮುಂದೆ ನೋಡುತ್ತಲೇ ಕೈ ಚಾಚಿದಳು. ಬೆರಳು ಮೊದಲನೆಯದಕ್ಕೆ ಸರಿಯಾಗಿ ಇಳಿಯಿತು. ಒತ್ತಿದಳು. ಇನ್ನೊಮ್ಮೆ ಒತ್ತಿದಳು.

“ಇದೇನಮ್ಮಾ ಒಳಗೆ ಹೋಗಿದೆ? ಏನೂ ಆಗ್ತಿಲ್ಲ.”

“ಏನಾಗ್ಬೇಕು ಮೇಡಂ?” ಹುಡುಗಿ ಕೇಳಿದಳು. “ಗುಂಡಿ ಅಲ್ವಾ? ಚಿಲ್ಲರೆ, ಬೀಗದ ಕೈ, ಏನು ಬೇಕಾದ್ರೂ ಇಟ್ಕೊಳ್ಳಿ. ನಾವು ಮಣ್ಣಿನವರು ತೋಡಿದ್ದಕ್ಕೆಲ್ಲ ಗುಂಡಿ ಅನ್ನೋದು. ಒತ್ತೋದಕ್ಕೆ ಬಟನ್ ಅಂತೀವಿ.”

ಮೇಷ್ಟ್ರು ಏನೋ ಹೇಳಲು ಹೋದರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರಿಗೆ ಪದ ಸಿಗಲಿಲ್ಲ. ಡಾಕ್ಟರು ಬಗ್ಗಿ ಐದನ್ನೂ ಇಣುಕಿ ನೋಡಿದರು. “ಐದೂ ಹುಳುಕು. ನಮ್ಮಲ್ಲಾದ್ರೆ ಗುಂಡಿ ಕಂಡ್ರೆ ತುಂಬಿ ಕಳಿಸ್ತೀವಿ.” ನಗಿಸಲೆಂದೇ ಅಂದದ್ದು. ಅಕ್ಕ ನಗಲಿಲ್ಲ. ಬೆರಳನ್ನು ಗುಂಡಿಯಿಂದ ತೆಗೆಯಲೂ ಇಲ್ಲ.

“ತುಂಬಕ್ಕಾಗುತ್ತಾ?” ಬಂಪರ್ ಹುಡುಗಿಯನ್ನು ಕೇಳಿದ.

ಅವಳು ಹಿಂದಿನಿಂದ ಟಾರ್ಚ್ ಹಿಡಿದು ನೋಡಿದಳು. “ನಾಲ್ಕರ ಹಿಂದೆ ಗಾಳಿ ಕೊಳವೆ ಅಡ್ಡ ಇದೆ ಸಾರ್. ಈ ಕೊನೇದರ ಹಿಂದೆ ಮಾತ್ರ ತಂತಿ ಹಾದು ಹೋಗಿದೆ. ಬೆರಳು ಸೋಕಿದ್ರೆ ಕೆಲಸ ಮಾಡೋ ಹಾಗೆ ಒಂದು ಪಟ್ಟಿ ಅಂಟಿಸ್ಬಹುದು. ಅದೂ ಮೇಲಿನವರು ಒಪ್ಪಿದ್ರೆ. ನಿಮ್ಮ ಒಂದು ಬದಲಾವಣೆ ಆಗಿಹೋಯ್ತಲ್ಲ.”

ಬಂಪರ್ ಮೆಟ್ಟಿಲು ಹತ್ತಿದ. ಲಿಫ್ಟ್ ಇತ್ತು, ಆದರೆ ಅದರಲ್ಲಿ ಸಿಗುವವರೆಲ್ಲ ‘ಏನ್ ಸಮಾಚಾರ’ ಎನ್ನುತ್ತಾರೆ.

ಯಜಮಾನರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು, ಪ್ರತಿ ಮಾತನ್ನೂ ತೂಕದ ಕಲ್ಲಿನ ಹಾಗೆ ಒಂದೊಂದಾಗಿ ಇಟ್ಟರು: “ಕೇಳಿದ್ದು ಗುಂಡಿ. ಕೊಟ್ಟಿದ್ದು ಗುಂಡಿ. ಈಗ ಯಾರ ಗುಂಡಿಗೆ ಒಡೀತು?”

“ಅವರು ಉಬ್ಬು ಕೇಳಿದ್ರು ಸಾರ್. ನಾವು ತಗ್ಗು ಕೊಟ್ವಿ.”

“ತಗ್ಗಿ ನಡೆಯೋದು ಒಳ್ಳೇದೇ ಅಲ್ವೇನ್ರೀ?”

ಬೇರೆ ದಿನವಾಗಿದ್ದರೆ ಬಂಪರ್ ನಗುತ್ತಿದ್ದ. ಯಜಮಾನರ ಮಾತಿಗೆ ನಗುವುದೂ ಅವನ ಕೆಲಸದಲ್ಲಿ ಸೇರಿತ್ತು. ಅಂದು ಮುಖ ಅರಳಲಿಲ್ಲ. “ನಾನು ತಗ್ಗೀ ತಗ್ಗೀ ಬೆನ್ನು ಬಾಗಿದೆ ಸಾರ್. ಇವತ್ತು ಕಂಪನಿ ಪರವಾಗಿ ಬಂದಿಲ್ಲ. ಕೆಳಗೆ ಕೂತಿರೋದು ನಮ್ಮಕ್ಕ. ಆ ಒಂದು ಪಟ್ಟಿ ಅಂಟಿದ್ರೆ ಅವಳು ಡ್ರೈವರ್. ಇಲ್ಲದಿದ್ರೆ ಆಸ್ಪತ್ರೆ ಉಗ್ರಾಣದಲ್ಲಿ ದಿಂಬಿನ ಚೀಲ ಮಡಿಸ್ತಾಳೆ. ಅಷ್ಟೇ ವಿಷಯ.”

ಯಜಮಾನರು ಅವನನ್ನೇ ನೋಡಿದರು. ಇಷ್ಟು ವರ್ಷಗಳಲ್ಲಿ ಅವನು ತನಗಾಗಿ ಏನೂ ಕೇಳಿರಲಿಲ್ಲ ಎಂಬುದು ಅವರಿಗೆ ಹೊಳೆಯಿತೋ, ಊಟದ ಹೊತ್ತಾಗಿತ್ತೋ, ಗೊತ್ತಿಲ್ಲ.

“ಒಂದು” ಎಂದರು. “ಎರಡನೇದು ಕೇಳಿದ್ರೆ ಇದೂ ಇಲ್ಲ.”

ಕೆಳಗೆ ಬಂದು ಹೇಳಿದಾಗ ಮೇಷ್ಟ್ರು ಚರ್ಚೆಗೆ ಸಿದ್ಧರಾದರು. “ಯಾವುದಕ್ಕೆ ಇಡೋದು ಅಂತ ಸಾಧಕ ಬಾಧಕ...”

“ವೈಪರ್” ಎಂದಳು ಅಕ್ಕ. “ಮಂಜು ಮೆಲ್ಲಗೆ ಕಟ್ಟುತ್ತೆ, ನನಗೆ ಟೈಮ್ ಕೊಡುತ್ತೆ. ಮುಂದಿನ ಲಾರಿ ಕೆಸರು ಎರಚೋದು ಹೇಳಿ ಕೇಳಿ ಅಲ್ಲ.”

ಹೊಸ ಗಾಡಿಗಳು ಬಂದವು. ಪರೀಕ್ಷೆಯ ದಿನ ಬಂಪರ್ ರಜೆ ಹಾಕಿ ಹಿಂದಿನ ಸೀಟಿನಲ್ಲಿ ಕೂತ. ರೋಗಿಯ ಜಾಗದಲ್ಲಿ ಯಾರಾದರೂ ಇರಬೇಕಿತ್ತು, ಅವನ ಮುಖ ಆ ಪಾತ್ರಕ್ಕೆ ಹೊಂದುತ್ತಿತ್ತು. ಪರೀಕ್ಷಕ ಆಸ್ಪತ್ರೆಯ ಗಾಡಿ ಮೇಲ್ವಿಚಾರಕ, ಮೂಗಿನಲ್ಲೇ ಮಾತಾಡುವವನು. ಸೇತುವೆ ದಾಟಿದ ಮೇಲೆ “ವೈಂಪರ್” ಎಂದ. ಅಕ್ಕನ ಕಣ್ಣು ಕದಲಲಿಲ್ಲ. ಬೆರಳು ಕೊನೆಯ ಗುಂಡಿಗೆ ಇಳಿಯಿತು. ವೈಪರ್ ಎದ್ದು ಒಣ ಗಾಜಿನ ಮೇಲೆ ಕಿರ್ರೆಂದಿತು.

“ಈಗ ಮಂಂಜು.”

ಅಕ್ಕ ಇಂಡಿಕೇಟರ್ ಹಾಕಿ, ಹಿಂದೆ ನೋಡಿ, ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದಳು. ಕನ್ನಡಕ ಹಾಕಿ ಪರದೆ ಮುಟ್ಟಿದಳು. ಗಾಳಿ ಬಂತು. ಕನ್ನಡಕ ತೆಗೆದಳು.

“ನಿಲ್ಲಿಸೋ ಹಾಂಗಿಲ್ಲಮ್ಮ.”

“ನಿಲ್ಲಿಸ್ದೆ ನನಗೆ ಕಾಣಲ್ಲ. ಕಾಣದೆ ನಾನು ಓಡಿಸಲ್ಲ. ಬರ್ಕೊಳ್ಳಿ.”

ಮೇಲ್ವಿಚಾರಕ ಬರೆದುಕೊಂಡ. ಬಹಳ ಹೊತ್ತು ಬರೆದ. ಫಲ ಮರುದಿನ ಬಂತು: ಊರೊಳಗಿನ ಹತ್ತಿರದ ಸುತ್ತುಗಳು ಮಾತ್ರ, ಹೆದ್ದಾರಿ ಇಲ್ಲ, ರಾತ್ರಿ ಪಾಳಿ ಇಲ್ಲ. ಪಾಸೂ ಅಲ್ಲ, ಫೇಲೂ ಅಲ್ಲ. ಕೀಲಿ ಕೈಗೆ ಕೊಟ್ಟರು, ಅಷ್ಟೆ.

“ಬೇಜಾರಾ ಅಕ್ಕಾ?” ಬಂಪರ್ ಫೋನಿನಲ್ಲಿ ಕೇಳಿದ.

“ಹೆದ್ದಾರಿ ಹೋದದ್ದು ಬೇಜಾರೇ. ಅಲ್ಲೊಬ್ಬಳೇ ಹಾಡ್ಕೊಂಡು ವಾಪಸ್ ಬರ್ತಿದ್ದೆ.” ಅತ್ತ ಕಾರಿನ ಬಾಗಿಲು ಹಾಕಿಕೊಂಡಿತು, ಯಾರೋ ಕೆಮ್ಮಿದರು. “ಇಡ್ತೀನಿ ಕಣೋ. ಅಜ್ಜನಿಗೆ ಬೆಲ್ಟ್ ಹಾಕ್ಬೇಕು. ಅವರ ಕೈಯಲ್ಲಿ ಆಗಲ್ಲ.”