ಕಾರ್ಡಿನ ಹಿಂಬದಿಯ ಊರುಗಳು

“ಕಾರ್ಡು ಜೋಡಿಸೋದು ನಿಮ್ಮ ಕೆಲಸ, ನಕ್ಷೆ ಮಾಡೋದು ನಂದು. ಬಾಯ್ಮುಚ್ಕೊಂಡು ಹೋಗಿ!”

“ಮುಚ್ಚಲ್ಲ ಮೇಷ್ಟ್ರೇ. ತಪ್ಪು ಅಂದ್ರೆ ತಪ್ಪೇ!”

ನಾನು ಆಸ್ಪತ್ರೆಯ ದಾಖಲೆ ಕೋಣೆಯವಳು. ರೋಗಿಗಳ ಕಾರ್ಡು ಜೋಡಿಸಿಡುವುದರಿಂದ ಎಲ್ಲರ ಬಾಯಲ್ಲೂ ಕಾರ್ಡಮ್ಮ. ಎದುರಿಗಿದ್ದವರು ಅಂಕಿಅಂಶ ನೋಡುವವರು. ಹಿಂದೆ ಕಾಲೇಜಿನಲ್ಲಿ ಪಾಠ ಮಾಡಿದ್ದರಿಂದ ಲೆಕ್ಕದ ಮೇಷ್ಟ್ರು. ಹನ್ನೆರಡು ವರ್ಷಗಳಲ್ಲಿ ಮಿದುಳಿನ ಗಡ್ಡೆಯೆಂದು ನಮ್ಮಲ್ಲಿಗೆ ಬಂದ ಆರುನೂರ ಹದಿನಾಲ್ಕು ಜನರನ್ನು ಅವರು ಜಿಲ್ಲೆಯ ನಕ್ಷೆಯಲ್ಲಿ ಕೆಂಪು ಚುಕ್ಕೆಗಳಾಗಿ ಕೂರಿಸಿದ್ದರು. ಚುಕ್ಕೆ ದಟ್ಟವಾಗಿರುವ ಕಡೆಗೆ ತಲೆ ಸ್ಕ್ಯಾನ್ ಮಾಡುವ ಹೊಸ ಯಂತ್ರ ಕೊಡಬೇಕೆಂಬ ವರದಿ ಅಂದೇ ಸಂಜೆ ಹೊರಡುವುದಿತ್ತು. ದಟ್ಟವಾಗಿದ್ದದ್ದು ಆಸ್ಪತ್ರೆಯ ಸುತ್ತಲಿನ ನಾಲ್ಕು ಬೀದಿ. ಕಲ್ಲುಗಣಿಯ ಸೀಮೆ ಪೂರ್ತಿ ಬೋಳು.

“ಗಡ್ಡೆ ಏನು, ಆಸ್ಪತ್ರೆ ಬೋರ್ಡು ನೋಡ್ಕೊಂಡು ಮನೆ ಮಾಡುತ್ತಾ?” ಎಂದೆ.

ವರದಿಗೆ ಸಹಿ ಹಾಕಲು ಬಂದು ಕೂತಿದ್ದ, ಮಾತೇ ಕಮ್ಮಿಯಾದ ದೊಡ್ಡ ಡಾಕ್ಟರಮ್ಮ ನಕ್ಕುಬಿಟ್ಟರು. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು.

“ವಿಳಾಸ ಕಾರ್ಡಲ್ಲೇ ಇದೆ ಮೇಡಂ. ನಾನೇನು ಕನಸು ಕಂಡ್ನಾ?”

“ಅದು ಕಾಗದ ತಲುಪೋ ವಿಳಾಸ. ಮುಂದಿನ ತಪಾಸಣೆಗೆ ಕರೆಯೋ ಕಾಗದ ಗಣಿ ಕಡೆ ಹೋಗೋದೇ ಕಷ್ಟ. ಅದಕ್ಕೇ ಇಲ್ಲಿರೋ ಅಕ್ಕನ ಮನೇದೋ ಮಾವನ ಮನೇದೋ ಬರೆಸ್ತಾರೆ.”

ನಮ್ಮ ಬೀದಿಯ ಚುಕ್ಕೆಯ ಮೇಲೆ ಬೆರಳಿಟ್ಟೆ.

“ಇದು ನಮ್ಮಣ್ಣ. ತೀರ್ಕೊಳ್ಳೋ ಮೊದಲು ನನ್ನ ಮನೇಲಿ ಇದ್ದದ್ದು ಹತ್ತೊಂಬತ್ತೇ ದಿನ. ಅದಕ್ಕೆ ಮುಂಚೆ ಎರಡು ವರ್ಷ ತಲೆ ಹಿಡ್ಕೊಂಡೇ ಗಣೀಲಿ ಕಲ್ಲು ಒಡೆದ. ಅಲ್ಲಿ ಯಂತ್ರ ಇರ್ಲಿಲ್ಲ. ಈ ವರದಿ ಹೋದ್ರೆ ಇನ್ನು ಮೇಲೂ ಇರಲ್ಲ.”



“ನಿಜವಾದ ಊರು ಎಲ್ಲಿ ಸಿಗುತ್ತೆ?” ಡಾಕ್ಟರಮ್ಮ ಕೇಳಿದರು.

“ಕಾರ್ಡಿನ ಹಿಂದೆ, ಪೆನ್ಸಿಲಲ್ಲಿ. ಕಾಗದ ವಾಪಸ್ ಬಂದ್ರೆ ಹುಡುಕೋಕೆ ಬೇಕಲ್ಲ ಅಂತ ಒಬ್ಬೊಬ್ಬರನ್ನೂ ಕೇಳಿ ಬರೆದಿದ್ದೀನಿ. ತಿರುಗಿಸಿದ್ರೆ ತಾನೇ ಕಾಣೋದು.”

ಅವರೇ ಎದ್ದು ಕೈಗೆ ಸಿಕ್ಕ ಹತ್ತು ಕಾರ್ಡು ಎಳೆದು ತಿರುವಿದರು. ಏಳು ಗಣಿಯ ಕಡೆಯವು.

“ಏಳನೇ ಕ್ಲಾಸು ಓದಿದವಳ ಗೀಚು ನಂಬಿ ನನ್ನ ವರದಿ ನಿಲ್ಲಿಸ್ತೀರಾ?” ಮೇಷ್ಟ್ರು ಕೂಗಿದರು. “ಈಕೆ ಇರಬೇಕು, ಇಲ್ಲಾ ನಾನಿರಬೇಕು!”

“ಏಳನೇ ಕ್ಲಾಸೇ, ಅದೂ ಹಳ್ಳಿ ಸ್ಕೂಲು. ಹಾಳೆಗೆ ಎರಡು ಮಗ್ಗುಲು ಇರುತ್ತೆ ಅಂತ ಅಲ್ಲೇ ಹೇಳ್ಕೊಟ್ರು.”

ಡಾಕ್ಟರಮ್ಮ ಕುರ್ಚಿಯನ್ನು ನನ್ನ ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಪೆನ್ನು ತೆಗೆದರು. “ಕಾರ್ಡಮ್ಮ, ಮೊದಲ ಡ್ರಾಯರಿಂದ ಓದ್ತಾ ಹೋಗಿ. ನಾನು ಬರ್ಕೋತೀನಿ.”

ನನ್ನ ಎದೆ ಎರಡು ಗೇಣು ಅಗಲವಾಯಿತು. ಗಂಟಲು ಸರಿಮಾಡಿಕೊಂಡು ಮೊದಲ ಊರಿನ ಹೆಸರು ಓದಿದೆ. ಮೇಷ್ಟ್ರು ಚೀಲ ಹೆಗಲಿಗೇರಿಸಿ, ಬಾಗಿಲನ್ನು ದಢಾರನೆ ಬಡಿದು ಹೊರಟುಹೋದರು. ನಾವು ಆರುನೂರ ಹದಿನಾಲ್ಕನೆಯ ಕಾರ್ಡು ಮುಗಿಸಿದಾಗಲೂ ಬರಲಿಲ್ಲ. ಹೊಸ ನಕ್ಷೆಯ ಕೆಳಗೆ ಡಾಕ್ಟರಮ್ಮನ ಹೆಸರಿನ ಪಕ್ಕ ನನ್ನ ಹೆಸರೂ ಅಚ್ಚಾಗಿ ಬಂದ ದಿನವೂ ಬರಲಿಲ್ಲ.