ಬಲಗೈಯ ಐದು ಉಗುರು

ನನ್ನ ಬಲಗೈ ಉಗುರುಗಳ ಬಗ್ಗೆ ಸೂಲಿಬೆಲೆಯಲ್ಲಿ ಮಾತಾಡದವರಿಲ್ಲ. ಫ್ಲಮೆಂಕೊ ಎನ್ನುವುದು ಸ್ಪೇನ್ ದೇಶದ ಗಿಟಾರ್ ವಾದನ, ಅದನ್ನು ಉದ್ದ ಉಗುರಿನಲ್ಲೇ ನುಡಿಸಬೇಕು ಎಂದು ಎಷ್ಟು ಜನಕ್ಕೆ ಬಿಡಿಸಿ ಹೇಳಲಿ? ಮದುವೆಯಾಗಿ ಬಂದ ಮೇಲೆ ನಾಲ್ಕು ವರ್ಷ ಹಿಂದಿನ ಕೋಣೆಯಲ್ಲಿ ಕೂತು, ಆ ಹಳೆಯ ವಾದನಕ್ಕೆ ಜಾಜ್ ಬೆರೆಸಿ ನನ್ನದೇ ಒಂದು ರಚನೆ ಮಾಡಿದ್ದೆ. ಬೆಂಗಳೂರಿನ ಗೆಳತಿ ರಮ್ಯ ಸ್ಯಾಕ್ಸೊಫೋನ್ ನುಡಿಸುತ್ತಾಳೆ. ಅವಳ ತಂಡದ ಜೊತೆ ಶನಿವಾರ ಅದನ್ನು ಮೊದಲ ಸಲ ವೇದಿಕೆಯ ಮೇಲೆ ನುಡಿಸುವುದಿತ್ತು. ಅಷ್ಟು ಆಸೆಯಿಂದ ನಾನು ಇನ್ನಾವುದಕ್ಕೂ ಕಾದವಳಲ್ಲ, ಮದುವೆಯನ್ನೂ ಸೇರಿಸಿ.

ಗುರುವಾರ ಅತ್ತೆ ಅಮ್ಮಯಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡರು. ಸಂಜೆ ಹಾಲು ಕರೆಯುವ ಹೊತ್ತಾಯಿತು. ಈ ಮನೆಯ ಗಂಡಸರಿಗೆ ಡೇರಿಗೆ ಹಾಲು ಹಾಕಲು ಬರುತ್ತದೆ, ಕರೆಯಲು ಬರುವುದಿಲ್ಲ. ನನ್ನ ಗಂಡ ಕೆಂಪರಾಜ್ ತಲೆ ಕೆರೆದುಕೊಂಡು ನಿಂತ. ಅಕ್ಕಪಕ್ಕದವರೆಲ್ಲ ತಂತಮ್ಮ ಕೊಟ್ಟಿಗೆಯಲ್ಲಿದ್ದರು.

ಎಡಗೈಯೊಂದರಲ್ಲೇ ಹಿಂಡಿ ನೋಡಿದೆ, ಹಸು ಹಾಲಿಳಿಸಲಿಲ್ಲ. ಬಲಗೈ ಹಾಕಿದೆ, ಉಗುರು ತಾಗಿ ಒದ್ದೇಬಿಟ್ಟಿತು. ಕೆಚ್ಚಲು ಕಲ್ಲಾಗಿತ್ತು, ಹಾಗೇ ಬಿಟ್ಟರೆ ಬಾವು ಬರುತ್ತದೆ. ಉಗುರು ಕತ್ತರಿಸು ಎಂದು ಅತ್ತೆ ಹೇಳಿದ್ದರೆ ಜಗಳವಾಡಿ ಬೆಂಗಳೂರಿನ ಬಸ್ಸು ಹತ್ತಿಬಿಡುತ್ತಿದ್ದೆ. ಒಳಗೆ ಹೋಗಿ ಐದೂ ಉಗುರು ಕತ್ತರಿಸಿ ಬಂದು ಹಾಲು ಕರೆದೆ.

ಉಗುರಿಲ್ಲದೆ ನುಡಿಸಲಾಗದೆಂದು ಅಂದೇ ರಮ್ಯಳಿಗೆ ಫೋನ್ ಮಾಡಿದೆ. ಶನಿವಾರ ನನ್ನ ಜಾಗದಲ್ಲಿ ಭಾನುಪ್ರಕಾಶ್ ಎನ್ನುವವರು ನನ್ನ ರಚನೆ ನುಡಿಸಿದರು. ಮರುದಿನ ರಮ್ಯ ರೆಕಾರ್ಡಿಂಗ್ ಕಳಿಸಿದಳು. ಇನ್ನೊಂದು ಕಾರ್ಯಕ್ರಮ ಯಾವಾಗ ಎಂದು ಬರೆದಿರಲಿಲ್ಲ. ಅವರು ಚೆನ್ನಾಗಿಯೇ ನುಡಿಸಿದ್ದರು, ನನ್ನ ಹೊಟ್ಟೆ ಉರಿದದ್ದೇ ಅದಕ್ಕೆ. ಆ ತಂತಿಯ ಮೇಲೆ ನನ್ನ ಕೈ ಇರಬೇಕಿತ್ತು ಎಂದು ಅಡುಗೆಮನೆಯಲ್ಲಿ ಕೂತು ಮತ್ತೆ ಮತ್ತೆ ಕೇಳಿದೆ. ಎಷ್ಟು ಹೊತ್ತಿನಿಂದಲೋ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಇದು ನೀನಲ್ಲ," ಎಂದರು.

ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನಡುವೆ ಒಂದ್ ಕಡೆ ನೀನು ನಿಲ್ಲಿಸ್ತೀಯ, ಏನೋ ಕಳ್ಕೊಂಡೋಳ ಹಂಗೆ. ಇವ್ನು ಅಲ್ಲಿ ನಿಲ್ಲಲ್ಲ. ನಾಕು ವರ್ಷದಿಂದ ಹಾಲು ಕರೀತಾ ಕೇಳಿದೀನಿ ಕಣಮ್ಮ, ಗೊತ್ತಾಗಲ್ವಾ?"

ನಾನು ಬಾಗಿಲು ಹಾಕಿಕೊಂಡು ನುಡಿಸುತ್ತಿದ್ದದ್ದೇ ಅವರಿಗೆ ಕೇಳಿಸಬಾರದೆಂದು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಉಗುರು ಮತ್ತೆ ಅಷ್ಟುದ್ದ ಬರಲು ಅತ್ತೆ ಎಷ್ಟು ದಿನ ಬೇಕೆಂದು ವಿಚಾರಿಸಿದರು. ಮೂರು ತಿಂಗಳಾದರೂ ಬೇಕು ಎಂದೆ.

ಅತ್ತೆ ಅಂಗಳದ ಕಡೆ ತಿರುಗಿ ಮಗನನ್ನು ಕರೆದರು.

"ಲೇ ಕೆಂಪರಾಜ, ಕೈ ತೊಳ್ಕೊಂಡು ಹಸು ಹತ್ರ ಬಾ. ಇವತ್ತಿಂದ ನೀನು ಕಲ್ತ್ಕೋ."