ಅಕ್ಕಯ್ಯಮ್ಮನ ಸಾರಿಗೆ ಐಲೇಸಾ

ನನ್ನ ಸಾರಿಗೆ ಉಪ್ಪಿರುವುದಿಲ್ಲ ಎಂದು ಹೆಬ್ಬಾಳದಿಂದ ಯಲಹಂಕದವರೆಗೆ ಎಲ್ಲರಿಗೂ ಗೊತ್ತು. ಡಂಗುರ ಹೊಡೆದವರು ನನ್ನ ಯಜಮಾನರೇ, ರಾಮಕೃಷ್ಣಪ್ಪ. ನೆಲದಡಿಯ ಪೈಪಿನೊಳಗೆ ಕರೆಂಟಿನ ಕೇಬಲ್ ಎಳೆಯುವ ಗ್ಯಾಂಗಿನಲ್ಲಿ ಕೂಗು ಹಾಕುವ ಕೆಲಸ ಅವರದು. ಕೇಬಲ್ ಅಂದರೆ ಮನೆಯ ಬಲ್ಬಿನ ವೈರಲ್ಲ, ತೋಳಿನ ಗಾತ್ರದ್ದು. ಹತ್ತು ಗಂಡಸರು ಹಗ್ಗ ಹಿಡಿದರೂ ಒಬ್ಬ ಮುಂಚೆ, ಒಬ್ಬ ಆಮೇಲೆ ಜಗ್ಗಿದರೆ ಅಲುಗಾಡುವುದಿಲ್ಲ. ಎಲ್ಲರ ಬಲ ಒಂದೇ ಏಟಿಗೆ ಬೀಳಬೇಕು, ಅದಕ್ಕೇ ಕೂಗು.

"ಅಕ್ಕಯ್ಯಮ್ಮನ್ ಸಾರು!" ಅನ್ನೋರು ಅವರು.

"ಐಲೇಸಾ!" ಅನ್ನೋದು ಗ್ಯಾಂಗು.

"ಉಪ್ಪೇ ಇಲ್ಲ!"

"ಐಲೇಸಾ!"

"ಉಂಡೋನೇ ಬಲ್ಲ!"

"ಐಲೇಸಾ!"

ಬೀದಿಗೆ ಬೀದಿಯೇ ನಗುತ್ತಿತ್ತು. ನನ್ನ ಸಾರಿಗೆ ಉಪ್ಪು ಯಾವತ್ತೂ ಹದವಾಗೇ ಇತ್ತು, ಬೇಕಾದರೆ ರಾಜಾನುಕುಂಟೆಗೆ ಬಂದು ನಮ್ಮ ಅಕ್ಕಪಕ್ಕದವರನ್ನು ಕೇಳಿ.

ನಾನಿರುತ್ತಿದ್ದುದು ಇನ್ನೊಂದು ತುದಿಯಲ್ಲಿ, ಕೇಬಲ್ ಸುತ್ತಿದ ಡ್ರಮ್ಮಿನ ಪಕ್ಕ. ಕೇಬಲ್ ಪೈಪಿನೊಳಗೆ ನುಗ್ಗುವ ಕಡೆ ಕೂತು, ಅದು ಜಾರಿಕೊಂಡು ಹೋಗಲಿ ಅಂತ ಮೈತುಂಬಾ ಸೋಪಿನ ನೀರು ಬಳಿಯುವವಳು. ನನಗೂ ಅವರಿಗೂ ನಡುವೆ ಒಂದು ಇಡೀ ಗಲ್ಲಿ. ಆದರೆ ಒಳಗೆ ಬರೀ ಹಗ್ಗ ಇರುವಷ್ಟು ಹೊತ್ತು ಪೈಪಿನಲ್ಲಿ ಮಾತು ಕಿವಿಯ ಹತ್ತಿರವೇ ಆಡಿದ ಹಾಗೆ ಕೇಳಿಸುತ್ತದೆ. ಎಳೆಯುವ ಮುಂಚೆ ಅವರು ಪೈಪಿಗೆ ಬಾಯಿಟ್ಟು ಕೂಗದೆ ಇದ್ದ ದಿನವಿಲ್ಲ.

"ಅಮ್ಮೀ, ಸೋಪ್ ಬಳುದ್ಯಾ? ಉಪ್ಪಾಕೋದಂತೂ ಮರ್ತೆ, ಇದನ್ನಾದ್ರೂ ಮರೀಬ್ಯಾಡ!"

"ಬಳ್ದಿವ್ನಿ! ಬಾಯ್ಮುಚ್ಕೊಂಡ್ ಎಳೀರಿ!"

ಬಾಯಿ ಮುಚ್ಚಿಕೊಳ್ಳಿ ಎಂದೆನಲ್ಲ, ನನ್ನ ನಾಲಿಗೆಗೆ ಬೆಂಕಿ ಹಾಕ.

ಅವರ ಗಂಟಲಲ್ಲಿ ಗಡ್ಡೆ ಎಂದರು ಡಾಕ್ಟರು. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಕತ್ತಿನ ಮುಂಭಾಗದಲ್ಲಿ ಒಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಮನೆಗೆ ಬಂದ ಮೇಲೆ ಅವರು ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. ಬರೆದು ಹೇಳಿ ಅಂತ ಸ್ಲೇಟು ತಂದುಕೊಟ್ಟೆ, ಮಂಚದಡಿಗೆ ಎಸೆದರು. ಗ್ಯಾಂಗಿನವರ ಫೋನುಗಳಲ್ಲೆಲ್ಲ ಅವರ ಕೂಗಿಗಾಗಿ ಹುಡುಕಿದೆ. ಬಿರಿಯಾನಿ ಇದೆ, ಬೈಕ್ ಇದೆ, ಕೇಬಲ್ ಡ್ರಮ್ಮಿನ ಮುಂದೆ ಹಲ್ಲು ಕಿಸಿದ ಫೋಟೊಗಳಿವೆ. ಒಂದರಲ್ಲೂ ಅವರ ಧ್ವನಿಯಿಲ್ಲ. ದಿನಾ ಇರುವುದನ್ನು ಯಾರು ಹಿಡಿದಿಡುತ್ತಾರೆ ಹೇಳಿ?

ಒಮ್ಮೆ ಅವರು ಗ್ಯಾಂಗಿನ ಮುಂದೆ ನಿಂತರೆ ಸಾಕು, ಮತ್ತೆ ಮನುಷ್ಯರಾಗುತ್ತಾರೆ ಎಂದು ನನ್ನ ಆಸೆ. ಅಷ್ಟರಲ್ಲಿ ಮೇಸ್ತ್ರಿ ಮುಬೀನ್ ಮನೆಗೆ ಬಂದ.

"ಅಕ್ಕಾ, ಮುಂದಿನ್ ವಾರದಿಂದ ವಿಂಚ್ ಬರುತ್ತೆ, ಮಿಷನ್ನೇ ಎಳ್ಕೊಳುತ್ತೆ. ಅಮೃತಹಳ್ಳಿ ಗಲ್ಲಿಗೆ ಮಾತ್ರ ಅದು ನುಗ್ಗಲ್ಲ. ಅದೊಂದನ್ನ ಕೈಯಲ್ಲೇ ಎಳೀಬೇಕು. ಅಣ್ಣನ್ನ ಕರ್ಕೊಂಡ್ ಬನ್ನಿ."

ಯಲಹಂಕದಲ್ಲಿ ಒಂದು ಸೀಟಿ ಕೊಂಡೆ, ಬಸ್ ಕಂಡಕ್ಟರು ಊದುವಂಥದ್ದು, ಕೆಂಪು ದಾರದ್ದು. ಮಾತು ಹೋದರೆ ಹೋಯಿತು, ಸೀಟಿಯಲ್ಲೇ ಕೂಗು ಹಾಕಲಿ ಎಂದುಕೊಂಡೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಕೊರಳಿಗೆ ಹಾಕಿಕೊಂಡರು. ನನಗೆ ಎಷ್ಟು ಖುಷಿಯಾಯಿತೆಂದರೆ ಒಮ್ಮೆ ಊದಿ ನೋಡಿ ಎನ್ನುವುದನ್ನೇ ಮರೆತೆ.

ಭಾನುವಾರ ಬೆಳಗ್ಗೆ ಅಮೃತಹಳ್ಳಿಯಲ್ಲಿ ನಾನು ನನ್ನ ತುದಿಯಲ್ಲಿ ಕೂತೆ. ಕೇಬಲ್ಲಿನ ತಲೆಗೆ ತಂತಿಯಲ್ಲಿ ಹೆಣೆದ ಚೀಲ ತೊಡಿಸಿ ಹಗ್ಗ ಕಟ್ಟಿದ್ದರು. ಎರಡು ಸಲ ಸೀಟಿ ಕೇಳಿದರೆ ಶುರು ಎಂದು ಮಾತಾಗಿತ್ತು. ಪೈಪಿಗೆ ಕಿವಿ ಕೊಟ್ಟು ಕಾದೆ. ಸದ್ದಿಲ್ಲ.

"ಊದ್ರೀ!" ಎಂದು ಪೈಪಿನೊಳಗೆ ರೇಗಿದೆ. "ಅದೇನ್ ಮೂರ್ತ ನೋಡ್ತಾ ಕುಂತಿದ್ದೀರಾ?"

ಆಗ ಕೇಳಿಸಿತು. ಹುಸ್... ಹುಸ್... ಪಂಕ್ಚರಾದ ಸೈಕಲ್ ಟ್ಯೂಬಿನ ಸದ್ದು. ಅಯ್ಯೋ ನನ್ನ ಶಿವನೇ! ಅವರ ಉಸಿರು ಈಗ ಬಾಯಿಗೆ ಬರುವುದೇ ಇಲ್ಲ, ಕತ್ತಿನಲ್ಲೇ ಹೊರಟುಹೋಗುತ್ತದೆ. ದಿನಾ ಆ ತೂತು ಒರೆಸುವವಳಿಗೆ, ಬಟ್ಟೆ ಬದಲಿಸುವವಳಿಗೆ, ಇಷ್ಟು ಹೊಳೆಯಲಿಲ್ಲವಲ್ಲ!

ಕೈಯಲ್ಲಿ ಸೋಪು ಸುರಿಯುತ್ತಿದ್ದ ಹಾಗೇ ಆ ತುದಿಗೆ ಓಡಿದೆ. ಸೀಟಿ ಹಲ್ಲಿನ ನಡುವೆ ಕಚ್ಚಿ ಊದುತ್ತಲೇ ಇದ್ದರು. ಕುತ್ತಿಗೆಯ ನರ ಉಬ್ಬಿತ್ತು. ಸೀಟಿ ಸುಮ್ಮನಿತ್ತು, ಕತ್ತಿನ ಬಟ್ಟೆ ಪಟಪಟ ಹಾರುತ್ತಿತ್ತು. ಗ್ಯಾಂಗಿನವರೆಲ್ಲ ನೆಲ ನೋಡುತ್ತಿದ್ದರು.

"ಬಿಡಿ ಅಣ್ಣಾ," ಎಂದ ಮುಬೀನ್, ಮೆಲ್ಲಗೆ. "ನಾನು ಒನ್ ಟೂ ತ್ರೀ ಅಂತೀನಿ."

ಅಂದ. ಹತ್ತು ಜನ ಹತ್ತು ದಿಕ್ಕಿಗೆ ಜಗ್ಗಿದರು. ಕೇಬಲ್ ಕದಲಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು.

"ಒನ್ ಟೂ ತ್ರೀ ಅಂದ್ರೆ ಬರಾಕೆ ಅದೇನ್ ಇಸ್ಕೂಲ್ ಮಗೀನಾ? ಓಗು, ನೀನೋಗಿ ಸೋಪ್ ಬಳಿ!" ಎಂದು ಅವನನ್ನು ಅಟ್ಟಿ, ಹಗ್ಗದ ಮುಂದೆ ನಾನೇ ನಿಂತೆ.

"ಅಕ್ಕಯ್ಯಮ್ಮನ್ ಸಾರು!"

ಹತ್ತು ಜನವೂ ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡಿದರು.

"ಬಾಯಾಗೇನ್ ಕಡುಬ್ ಇಟ್ಕೊಂಡಿದ್ದೀರಾ? ಅನ್ರೋ! ಅಕ್ಕಯ್ಯಮ್ಮನ್ ಸಾರು!"

"ಐಲೇಸಾ," ಎಂದರು ಒಬ್ಬಿಬ್ಬರು.

"ಉಪ್ಪೇ ಇಲ್ಲ!"

"ಐಲೇಸಾ!"

ಕೇಬಲ್ ಬಂತು. ಮೊಳ ಮೊಳ ಬಂತು. ನನ್ನ ಮಾನ ನಾನೇ ಹರಾಜು ಹಾಕುತ್ತಾ ಓರೆಗಣ್ಣಲ್ಲಿ ಅವರನ್ನು ನೋಡಿದೆ. ಅವರ ಕೈ ತೊಡೆಯ ಮೇಲೆ ತಾಳ ತಟ್ಟುತ್ತಿತ್ತು. ಗೆದ್ದೆ ಎಂದುಕೊಂಡೆ.

ಕೇಬಲ್ಲಿನ ತಲೆ ಹೊರಗೆ ಬಂದಾಗ ಕೊನೆಯದೊಂದು ಕೂಗು ಇರುತ್ತದೆ, ಕೇಬಲ್ಲನ್ನೇ ಸೊಸೆ ಮಾಡಿ ಯಾವಾಗಲೂ ಅವರೇ ಹಾಕುವುದು: "ಸೊಸೆ ಬಂದ್ಲು, ದೀಪ ಅಚ್ರೋ!" ಅದು ಕಿವಿಗೆ ಬಿದ್ದ ಮೇಲೆಯೇ ನಮ್ಮ ಗ್ಯಾಂಗು ಹಗ್ಗ ಬಿಡುವುದು. ಅವತ್ತೂ ತಲೆ ಬಂತು. ನಾನು ಸುಮ್ಮನಾದೆ. ಅದು ಅವರದು, ಅದನ್ನು ನಾನು ಹೇಗೆ ಕೂಗಲಿ? ಹತ್ತು ಜನವೂ ಬೆವರು ಸುರಿಸುತ್ತಾ, ಹಗ್ಗ ಬಿಗಿಹಿಡಿದು, ಅವರನ್ನೇ ನೋಡುತ್ತಾ ನಿಂತರು.

ಅವರು ತುಟಿ ಅಲ್ಲಾಡಿಸಿದರು. ಕತ್ತಿನ ಬಟ್ಟೆ ಒಮ್ಮೆ ಹಾರಿತು, ಅಷ್ಟೇ. ಆಮೇಲೆ ಹತ್ತಿರ ಬಂದು ಒಬ್ಬೊಬ್ಬರ ಬೆರಳನ್ನೂ ಹಗ್ಗದಿಂದ ತಾವೇ ಬಿಡಿಸಿದರು. ಎಲ್ಲರ ಭುಜವನ್ನೂ ತಟ್ಟಿದರು. ಸೀಟಿ ತೆಗೆದು ನನ್ನ ಕೊರಳಿಗೆ ಹಾಕಿ, ಹೋಗಿ ಟೆಂಪೋದಲ್ಲಿ ಕೂತರು. ಇನ್ನು ಬರುವುದಿಲ್ಲ ಎಂದು ಎಲ್ಲರಿಗೂ ತಿಳಿಯಿತು. ನಾನು ಗಲ್ಲಿಯ ನಡುವೆಯೇ ಕೂತು ಗೊಳೋ ಎಂದು ಅತ್ತೆ.

ಸಂಜೆ ಮುದ್ದೆ ತೊಳಸಿ ಬಸ್ಸಾರು ಮಾಡಿದೆ. ಬೇಕೆಂದೇ ಒಂದು ಹರಳು ಉಪ್ಪೂ ಹಾಕಲಿಲ್ಲ. ಮುಖ ಕಿವುಚಲಿ, ತಟ್ಟೆ ತಳ್ಳಲಿ, ಬೈದ ಹಾಗೆ ಕೈಯಾದರೂ ಎತ್ತಲಿ, ನನಗೆ ಅಷ್ಟು ಸಿಕ್ಕಿದರೆ ಸಾಕಿತ್ತು. ಎದುರಿಗೇ ಕೂತೆ. ಮುದ್ದೆ ಮುರಿದು ಅದ್ದಿದರು, ನುಂಗಿದರು. ತಟ್ಟೆ ಮುಂದೆ ಚಾಚಿ ಇನ್ನೊಂದು ಸೌಟು ಹಾಕಿಸಿಕೊಂಡರು. ತಳ ಬಳಿದು ತಿಂದು, ನನ್ನ ಕಡೆ ನೋಡಿ, ಚೆನ್ನಾಗಿತ್ತು ಎಂದು ಕೈಸನ್ನೆ ಮಾಡಿದರು.

ಮದುವೆಯಾದಾಗಿನಿಂದ ನನ್ನ ಸಾರನ್ನು ಅವರು ಚೆನ್ನಾಗಿತ್ತು ಎಂದದ್ದು ಅದೇ ಮೊದಲು.